ಎಂಟು ಡಿಸ್ಕು, ನಾಲ್ಕು ಪೋರ್ಟು

ನನ್ನ ತಮ್ಮ ಮೈಸೂರಲ್ಲಿ ಫೋಟೋ ಸ್ಟುಡಿಯೋ ಇಟ್ಕೊಂಡಿದಾನೆ, ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಾ ಮಾಡ್ತಾನೆ. ಅವನ ಇಡೀ ವ್ಯವಹಾರ ಒಂದು ಮೈಸೂರ್ ಪಾಕ್ ಡಬ್ಬದಲ್ಲಿ ಇತ್ತು. ತಮಾಷೆಗೆ ಹೇಳ್ತಿಲ್ಲ, ನಿಜವಾಗ್ಲೂ ಎರಡು ಕೆಜಿ ಸ್ವೀಟ್ ಬಾಕ್ಸು, ಅದರೊಳಗೆ ಎಂಟು ಅಂಗೈ ಅಗಲದ ಎಕ್ಸ್‌ಟರ್ನಲ್ ಹಾರ್ಡ್‌ ಡಿಸ್ಕು, ಒಂದೊಂದರ ಮೇಲೂ ಬಿಳಿ ಟೇಪ್ ಅಂಟಿಸಿ "2019 ಮಾಘ", "ನಂಜನಗೂಡು ರಿಸೆಪ್ಷನ್", "ಇದನ್ನ ಮುಟ್ಬೇಡಿ" ಅಂತ ಸ್ಕೆಚ್ ಪೆನ್ನಲ್ಲಿ ಬರ್ದಿದ್ದ. ಅದರಲ್ಲಿ "ಇದನ್ನ ಮುಟ್ಬೇಡಿ" ಅನ್ನೋದೇ ಒಂದಿನ ಟಿಕ್ ಟಿಕ್ ಅಂತ ಸದ್ದು ಮಾಡಿ ಸತ್ತುಹೋಯ್ತು, ಅದರಲ್ಲಿದ್ದ ಮದುವೆಯವರು ನಾಲ್ಕು ವರ್ಷ ಆದ್ಮೇಲೆ ಮಗುಗೆ ತೋರಿಸ್ಬೇಕು ಅಂತ ಫುಲ್ ವಿಡಿಯೋ ಕೇಳ್ಕೊಂಡು ಬಂದ್ರು, ಇವನು ಮುಖ ಮುಚ್ಕೊಂಡು ನನ್ನ ಹತ್ರ ಬಂದ.

"ಅಣ್ಣ, ನಿಂಗೆ ಕಂಪ್ಯೂಟರ್ ಗೊತ್ತಲ್ಲ, ಎಲ್ಲಾ ಒಂದ್ಕಡೆ ಇಡೋ ಹಂಗೆ ಏನಾದ್ರೂ ಮಾಡು."

ನಾನು ಕೆಲಸ ಮಾಡೋದು ಆಡಿಟ್ ಆಫೀಸಲ್ಲಿ, ಕಂಪ್ಯೂಟರ್ ನಂಗೆ ಹುಚ್ಚು ಅಷ್ಟೇ, ಓದಿಲ್ಲ. ಆದ್ರೆ ಲೆಕ್ಕ ಹಾಕೋಕೆ ಬರುತ್ತೆ. ಅವನ ಕ್ಯಾಮೆರಾ ಫೋರ್‌ಕೆ ವಿಡಿಯೋನ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಬರೆಯುತ್ತೆ, ಅಂದ್ರೆ ಗಂಟೆಗೆ 45 ಜಿಬಿ, ಎರಡು ಕ್ಯಾಮೆರಾ ಆರಾರು ಗಂಟೆ ಓಡಿದ್ರೆ ಒಂದು ಮದುವೆಗೆ 540 ಜಿಬಿ, ಫೋಟೋ ಬೇರೆ. ವರ್ಷಕ್ಕೆ ಮೂವತ್ತು ಮದುವೆ ಹಿಡಿದ್ರೆ 16 ಟಿಬಿ. ಹಳೇದು 28 ಟಿಬಿ ಆಗ್ಲೇ ಇದೆ. ಸೋ ಎಂಟು ಟಿಬಿದು ಎಂಟು ಡಿಸ್ಕು, ಜೆಡ್‌ಎಫ್‌ಎಸ್ (ಹಲವು ಡಿಸ್ಕನ್ನ ಒಟ್ಟಿಗೆ ನೋಡ್ಕೊಳೋ ಫೈಲ್ ಸಿಸ್ಟಮ್ಮು) ಹಾಕಿ ರೈಡ್-ಜೆಡ್2, ಅಂದ್ರೆ ಯಾವ್ದೇ ಎರಡು ಡಿಸ್ಕ್ ಕೈಕೊಟ್ರೂ ಡೇಟಾ ಉಳಿಯೋ ಹಂಗೆ. ಇಷ್ಟು ತೀರ್ಮಾನ ಮಾಡೋಕೆ ನಂಗೆ ಹಿಡಿದಿದ್ದು ಒಂದು ಭಾನುವಾರ. ಆ ಎಂಟು ಡಿಸ್ಕನ್ನ ಯಾವ್ದಕ್ಕೆ ಚುಚ್ಚೋದು ಅನ್ನೋದಕ್ಕೆ ಹಿಡಿದಿದ್ದು ಎರಡೂವರೆ ತಿಂಗಳು.

ಯಾಕಂದ್ರೆ ನಮ್ಮನೇಲಿ ಇದ್ದ ಹಳೇ ಮಶೀನು ಐ3-8100 ಪ್ರೊಸೆಸರು, ಎಚ್310 ಚಿಪ್‌ಸೆಟ್ಟಿನ (ಬೋರ್ಡಿನ ಪೋರ್ಟುಗಳನ್ನ ನೋಡ್ಕೊಳೋ ಚಿಪ್ಪು) ಬೋರ್ಡು. ಅದರಲ್ಲಿ ಸಾಟಾ ಪೋರ್ಟ್, ಅಂದ್ರೆ ಡಿಸ್ಕ್ ಚುಚ್ಚೋ ಬಾಯಿ, ಇರೋದೇ ನಾಲ್ಕು. ಒಂದು ಓಎಸ್ ಹಾಕಿರೋ ಎಸ್‌ಎಸ್‌ಡಿಗೆ ಹೋಯ್ತು, ಮಿಕ್ಕಿದ್ದು ಮೂರು. ಪ್ರೊಸೆಸರಲ್ಲೇ ಗ್ರಾಫಿಕ್ಸ್ ಇರೋದ್ರಿಂದ ದೊಡ್ಡ ಹದಿನಾರು ಲೇನಿನ (ಲೇನು ಅಂದ್ರೆ ಡೇಟಾ ಓಡಾಡೋ ದಾರಿ) ಸ್ಲಾಟು ಖಾಲಿ, ಪಕ್ಕದಲ್ಲಿ ಒಂದು ಪುಟ್ಟ ಒಂದೇ ಲೇನಿನ ಸ್ಲಾಟು. ಹೊಸ ಬೋರ್ಡ್ ತಗೊಳೋಣ ಅಂತ ನೋಡಿದೆ, ಎಂಟು ಸಾಟಾ ಇರೋ ಬೋರ್ಡುಗಳು ಈಗ ಕಮ್ಮಿ, ಇದ್ರೂ ಅದಕ್ಕೆ ಹೊಸ ಪ್ರೊಸೆಸರು, ಹೊಸ ರ‍್ಯಾಮು, ಅದಾಗಲ್ಲ ಬಿಡು ಅಂತ ಬಿಟ್ಟೆ.

ಇಲ್ಲಿ ನಾನು ಮಾಡಿದ ಮೊದಲ ದಡ್ಡತನ. ಆನ್‌ಲೈನಲ್ಲಿ ಒಂದು ಕಾರ್ಡು, ಎಂಟು ಸಾಟಾ ಪೋರ್ಟು, ಆ ಪುಟ್ಟ ಒಂದು ಲೇನಿನ ಸ್ಲಾಟಿಗೇ ಕೂರುತ್ತೆ, ಮೂರು ಸಾವಿರ ಚಿಲ್ರೆ. ಹೆಸರು ಇಲ್ದಿರೋ ಯಾವ್ದೋ ಮಾಲು. ಎಂಟು ಬೇಕು, ಎಂಟು ಇದೆ, ಮುಗೀತಲ್ಲ ಅಂದ್ಕೊಂಡೆ. ಬಸ್ಸಲ್ಲಿ ಎಷ್ಟು ಸೀಟಿದೆ ಅಂತ ನೋಡಿದ್ನೇ ಹೊರ್ತು ಬಾಗಿಲು ಎಷ್ಟಗಲ ಇದೆ ಅಂತ ನೋಡಲೇ ಇಲ್ಲ.

ಕಾರ್ಡು ಬಂತು, ಮೂರು ಡಿಸ್ಕ್ ಬೋರ್ಡಿಗೆ, ಐದು ಡಿಸ್ಕ್ ಕಾರ್ಡಿಗೆ ಹಾಕಿದೆ, ಎಲ್ಲಾ ಕಾಣಿಸ್ತು, ಎಂಟನ್ನೂ ಸೇರಿಸಿ ಪೂಲ್, ಅಂದ್ರೆ ಒಂದೇ ದೊಡ್ಡ ಜಾಗ, ಮಾಡಿದೆ, ತಮ್ಮನ ಡಬ್ಬದಲ್ಲಿದ್ದ ಏಳು ಡಿಸ್ಕನ್ನೂ ಒಂದೊಂದಾಗಿ ಯುಎಸ್‌ಬಿಲಿ ಹಚ್ಚಿ ಕಾಪಿ ಮಾಡಿದೆ. ಯುಎಸ್‌ಬಿನೇ ನಿಧಾನ ಆದ್ದರಿಂದ ಕಾರ್ಡಿನ ಬಂಡವಾಳ ಆಗ ಗೊತ್ತಾಗ್ಲಿಲ್ಲ. ಹತ್ತು ದಿನ ಹಿಡೀತು, ಖುಷಿಯಾಗಿದ್ದೆ, ಅಮ್ಮಂಗೂ ಕರೆದು ತೋರಿಸಿದೆ. "ಇಷ್ಟೊಂದು ವೈರು ಯಾಕೋ, ಇಲಿ ಬರಲ್ವಾ" ಅಂದ್ರು, ಅಷ್ಟೇ.

ಆಮೇಲೆ ಒಂದು ಶನಿವಾರ ಸ್ಕ್ರಬ್ ಹಾಕಿದೆ. ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ, ಸ್ಕ್ರಬ್ ಅಂದ್ರೆ ಜೆಡ್‌ಎಫ್‌ಎಸ್ ತಾನು ಬರೆದಿರೋ ಪ್ರತಿಯೊಂದು ಬ್ಲಾಕನ್ನೂ ಓದಿ ಚೆಕ್‌ಸಮ್, ಅಂದ್ರೆ ಡೇಟಾ ಕೆಟ್ಟಿಲ್ಲ ಅಂತ ತಾಳೆ ನೋಡೋ ಅಂಕಿ, ಸರಿಯಿದೆಯಾ ಅಂತ ನೋಡೋದು. ಇದರಲ್ಲಿ ಎಂಟೂ ಡಿಸ್ಕು ಒಂದೇ ಟೈಮಲ್ಲಿ ಉಸಿರು ಬಿಗಿಹಿಡಿದು ಓಡುತ್ವೆ. ಒಂದೊಂದು ಡಿಸ್ಕಲ್ಲೂ ನಾಲ್ಕೂಮುಕ್ಕಾಲು ಟಿಬಿ ಹತ್ರ ಇತ್ತು. ಬೋರ್ಡಿಗೆ ಹಾಕಿರೋ ಡಿಸ್ಕು ಒಂದೊಂದೇ ಓಡಿಸಿದ್ರೆ ಇನ್ನೂರರ ಮೇಲೆ ಸ್ಪೀಡ್ ಕೊಡೋದು, ಇಲ್ಲಿ ಎಲ್ಲವೂ ಐವತ್ತೈದು ಎಂಬಿಗೆ ಬಂದು ನಿಂತ್ವು. ಒಂದು ದಿನ ಪೂರ್ತಿ ಆಗುತ್ತೆ ಅಂತ ತೋರಿಸ್ತು. ಸರಿ ಆಗ್ಲಿ ಬಿಡು, ಯಾರಿಗೆ ಅರ್ಜೆಂಟು ಅಂತ ಮಲ್ಗಿದೆ.

ಬೆಳಗ್ಗೆ ಐದೂವರೆಗೆ ತಮ್ಮನ ಫೋನು. ರಾತ್ರಿ ಎಡಿಟಿಂಗ್ ಮಾಡ್ತಾ ಕೂತಿದ್ದನಂತೆ, ಫೋಲ್ಡರ್ ಓಪನ್ ಆಗ್ತಿಲ್ಲ ಅಂದ. ಎದ್ದು ನೋಡಿದ್ರೆ ಪೂಲಿನ ಸ್ಟೇಟಸ್ಸು "ಸಸ್ಪೆಂಡೆಡ್". ಎಂಟರಲ್ಲಿ ಐದು ಡಿಸ್ಕು ಮಾಯ. ಎರಡು ಹೋದ್ರೆ ತಡ್ಕೊಳತ್ತೆ ಅಂತ ಕಟ್ಟಿರೋ ಮನೇಲಿ ಐದು ಕಂಬ ಒಟ್ಟಿಗೆ ಬಿದ್ರೆ ಏನ್ ಮಾಡೋದು. ಕರ್ನಲ್ ಲಾಗಲ್ಲಿ "ಹಾರ್ಡ್ ರೀಸೆಟ್ಟಿಂಗ್ ಲಿಂಕ್", "ಹಾರ್ಡ್ ರೀಸೆಟ್ಟಿಂಗ್ ಲಿಂಕ್" ಅಂತ ಮಂತ್ರ ಥರ ಪುಟಗಟ್ಲೆ. ನಿಜ ಹೇಳ್ಬೇಕಂದ್ರೆ ಕೈ ನಡುಗ್ತಿತ್ತು. ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಆನ್ ಮಾಡಿದೆ, ಐದೂ ವಾಪಸ್ ಬಂದ್ವು, ಪೂಲ್ ಕ್ಲಿಯರ್ ಕೊಟ್ಟೆ, ಡೇಟಾ ಎಲ್ಲಾ ಇತ್ತು. ಸ್ವೀಟ್ ಬಾಕ್ಸಿನ ಡಿಸ್ಕುಗಳನ್ನ ಇನ್ನೂ ಅಳಿಸಿರಲಿಲ್ಲ, ಅದೊಂದು ಧೈರ್ಯ.

ಆವತ್ತೇ ಕಾರ್ಡ್ ಬಿಚ್ಚಿ ಟಾರ್ಚ್ ಹಾಕಿ ಚಿಪ್ಪಿನ ನಂಬರ್ ಓದಿದೆ. ಕೊಳ್ಳೋಕೆ ಮುಂಚೆ ಮಾಡ್ಬೇಕಿದ್ದ ಕೆಲಸ. ಒಂದು ದೊಡ್ಡ ಚಿಪ್ಪು, ಒಂದು ಸಣ್ಣ ಚಿಪ್ಪು. ದೊಡ್ಡದು ನಾಲ್ಕು ಪೋರ್ಟಿನ ಸಾಟಾ ಕಂಟ್ರೋಲರು, ಅಷ್ಟೇ, ಎಂಟಲ್ಲ ನಾಲ್ಕು. ಅದರಲ್ಲಿ ಮೂರು ಪೋರ್ಟು ನೇರವಾಗಿ ಹೊರಗೆ ಬಂದಿದೆ, ನಾಲ್ಕನೇದು ಆ ಸಣ್ಣ ಚಿಪ್ಪಿಗೆ ಹೋಗಿ ಅಲ್ಲಿಂದ ಐದಾಗಿ ಒಡೆದಿದೆ. ಮೂರು ಪ್ಲಸ್ ಐದು ಎಂಟು. ಆ ಸಣ್ಣದಕ್ಕೆ ಪೋರ್ಟ್ ಮಲ್ಟಿಪ್ಲೈಯರ್ ಅಂತಾರೆ. ಒಂದು ನಲ್ಲಿಗೆ ಐದು ಪೈಪ್ ಸಿಕ್ಕಿಸಿದ ಹಂಗೆ. ನಾನು ಪುಣ್ಯಾತ್ಮ ಐದು ಡಿಸ್ಕನ್ನೂ ಸಾಲಾಗಿ ಆ ಐದಕ್ಕೇ ಚುಚ್ಚಿದ್ದೆ. ಒಂದು ಡಿಸ್ಕು ಉತ್ತರ ಕೊಡೋಕೆ ತಡ ಮಾಡ್ತು ಅಂದ್ರೆ ಆ ಒಂದು ಲಿಂಕೇ ರೀಸೆಟ್ ಆಗುತ್ತೆ, ಆಗ ಅದರ ಹಿಂದಿರೋ ಐದೂ ಒಟ್ಟಿಗೆ ಬೀಳುತ್ವೆ. ರೈಡ್ ಮಾಡೋದೇ ಡಿಸ್ಕುಗಳು ಬೇರೆ ಬೇರೆ ಟೈಮಲ್ಲಿ ಸಾಯ್ತವೆ ಅನ್ನೋ ನಂಬಿಕೆ ಮೇಲೆ, ಇಲ್ಲಿ ನಾನೇ ಐದಕ್ಕೂ ಒಂದೇ ಹಗ್ಗ ಕಟ್ಟಿದ್ದೆ.

ಸ್ಪೀಡಿನ ಕಥೆನೂ ಅಷ್ಟೇ. ಎಚ್310 ಚಿಪ್‌ಸೆಟ್ಟಿಂದ ಬರೋ ಲೇನುಗಳು ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡ್ ಸ್ಲಾಟಿನ ಪದ್ಧತಿ) 2.0 ಮಾತ್ರ, 3.0ಗಿಂತ ನಿಧಾನ. ಒಂದು ಲೇನು ಅಂದ್ರೆ ಕಾಗದದ ಮೇಲೆ ಸೆಕೆಂಡಿಗೆ 500 ಎಂಬಿ, ಕೈಗೆ ಸಿಗೋದು ನಾನೂರರ ಹತ್ರ. ಅದನ್ನ ಐದು ಡಿಸ್ಕು ಹಂಚ್ಕೊಂಡ್ರೆ ಎಂಬತ್ತು, ಮಲ್ಟಿಪ್ಲೈಯರ್ ತನ್ನ ಪಾಲು ತಿಂದು ಐವತ್ತೈದು. ಕಾರ್ಡು 3.0 ಅಂತ ಬಾಕ್ಸ್ ಮೇಲೆ ಬರ್ದಿದ್ರೆ ಏನ್ ಬಂತು, ಸ್ಲಾಟು 2.0 ಆದ್ರೆ. ಒಂದು ಲೇನಿನ ಮೇಲೆ ಹದಿನಾರು, ಇಪ್ಪತ್ತು ಪೋರ್ಟ್ ಇರೋ ಕಾರ್ಡುಗಳೂ ಮಾರ್ತಾರೆ, ಫೋಟೋದಲ್ಲಿ ನೋಡೋಕೆ ಬಾಚಣಿಗೆ ಥರ ಇರ್ತವೆ, ಎಲ್ಲಾ ಇದೇ ಕಥೆ.

ಸರಿ ಮುಂದೇನು. ಎರಡು ದಾರಿ ಇತ್ತು. ಒಂದು, ಎಎಸ್‌ಎಂ1166 ಅನ್ನೋ ಚಿಪ್ಪಿನ ಕಾರ್ಡು, ಇದು ಪ್ರಾಮಾಣಿಕ ಆರು ಪೋರ್ಟು, ಮಲ್ಟಿಪ್ಲೈಯರ್ ಇಲ್ಲ, 3.0ದು ಎರಡು ಲೇನು ತಗೊಳತ್ತೆ, ಅಂದ್ರೆ ಹತ್ತಿರ ಹತ್ತಿರ 1.9 ಜಿಬಿ, ಆರು ಡಿಸ್ಕಿಗೆ ಹಂಚಿದ್ರೆ ತಲಾ ಮುನ್ನೂರು, ಹಾರ್ಡ್‌ ಡಿಸ್ಕಿಗೆ ಧಾರಾಳ. ಕರೆಂಟೂ ಕಮ್ಮಿ ಕುಡಿಯುತ್ತೆ. ಇನ್ನೊಂದು, ಸರ್ವರಿಂದ ಬಿಚ್ಚಿದ ಹಳೇ ಎಚ್‌ಬಿಎ ಕಾರ್ಡು (ಡಿಸ್ಕುಗಳನ್ನ ನೇರವಾಗಿ ಮಶೀನಿಗೆ ಜೋಡಿಸೋದು), ಎಲ್‌ಎಸ್‌ಐ ಕಂಪನಿಯ ಎಸ್‌ಎಎಸ್2008 ಚಿಪ್ಪಿಂದು. ಇದು 2.0 ಆದ್ರೂ ಎಂಟು ಲೇನು, ಅಂದ್ರೆ 4 ಜಿಬಿ, ಎಂಟು ನಿಜವಾದ ಪೋರ್ಟು, ಸಾಸ್ ಡಿಸ್ಕೂ (ಸರ್ವರಲ್ಲಿ ಬಳಸೋದು) ಹಾಕ್ಬಹುದು, ಸಾಟಾನೂ ಹಾಕ್ಬಹುದು. ಬೋರ್ಡಿನ ಮೂರೂ ಸೇರಿದ್ರೆ ಹನ್ನೊಂದು ಡಿಸ್ಕು ಆಗುತ್ತೆ. ಮುಂದೆ ಇನ್ನೂ ಬೇಕಾದ್ರೆ ಸಾಸ್ ಎಕ್ಸ್‌ಪಾಂಡರ್ (ಪೋರ್ಟ್ ಹೆಚ್ಚಿಸೋ ಸಾಧನ) ಹಾಕಿ ಇಪ್ಪತ್ತು ದಾಟ್ಬಹುದು, ಮತ್ತೆ ಆ ಎಕ್ಸ್‌ಪಾಂಡರ್ ಅನ್ನೋದು ಮಲ್ಟಿಪ್ಲೈಯರ್ ಥರ ಅಲ್ಲ, ಒಂದು ಡಿಸ್ಕು ಮುನಿಸ್ಕೊಂಡ್ರೆ ಪಕ್ಕದವರನ್ನ ಎಳ್ಕೊಂಡು ಬೀಳಲ್ಲ.

ಇವತ್ತು ಯಾರಾದ್ರೂ ಬಂದು ಎಂಟು ಡಿಸ್ಕಿಗೆ ಏನ್ ತಗೊಳ್ಲಿ ಅಂತ ಕೇಳಿದ್ರೆ ಆ 1166 ಕಾರ್ಡೇ ತಗೋ ಮಾರಾಯ, ಮಿಕ್ಕ ಎರಡನ್ನ ಬೋರ್ಡಿಗೇ ಹಾಕು, ತಲೆನೋವಿಲ್ಲ ಅಂತೀನಿ. ಆದ್ರೆ ನನ್ನ ತಮ್ಮ ಡಿಸ್ಕನ್ನ ಕಡ್ಲೇಪುರಿ ತಿಂದ ಹಂಗೆ ತಿಂತಾನೆ ಅಂತ ಗೊತ್ತಿತ್ತು, ಅದಕ್ಕೆ ಎಚ್‌ಬಿಎ ಕಡೆ ವಾಲಿದೆ. ಹಂಗೇ ನೋಡಿದ್ರೆ ಸರ್ವರ್ ಸಾಮಾನು ಅಂದ್ರೆ ನಂಗೊಂದು ಆಸೆ ಇತ್ತು, ಅದೂ ಒಂದು ಕಾರಣ, ಸುಳ್ಯಾಕೆ ಹೇಳ್ಲಿ.

ಭಾನುವಾರ ಎಸ್‌ಪಿ ರೋಡ್, ಅಂದ್ರೆ ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿ, ಮುಚ್ಚಿರುತ್ತೆ ಅಂತ ಶನಿವಾರ ರಜ ಹಾಕಿ ಬೆಳಗಿನ ರೈಲಿಗೆ ಬೆಂಗ್ಳೂರಿಗೆ ಹೋದೆ. ಆ ಗಲ್ಲಿಗಳು ಗೊತ್ತಲ್ಲ, ಒಂದು ಅಂಗಡಿಲಿ ಬರೀ ಪ್ರಿಂಟರ್ ರೋಲರು, ಪಕ್ಕದಲ್ಲಿ ಬರೀ ಲ್ಯಾಪ್‌ಟಾಪ್ ಹಿಂಜು, ಅದರ ಮೇಲ್ಗಡೆ ಮೆಟ್ಲು ಹತ್ತಿದ್ರೆ ಬಿಚ್ಚಿದ ಸರ್ವರುಗಳು ಇಟ್ಟಿಗೆ ಥರ ಪೇರಿಸಿಟ್ಟಿರ್ತಾರೆ. "ಎಚ್‌ಬಿಎ ಇದೆಯಾ" ಅಂದ್ರೆ ಮೂರು ಅಂಗಡಿಯವರು ಇಲ್ಲ ಅಂದ್ರು. ನಾಲ್ಕನೇ ಕಡೆ "ರೈಡ್ ಕಾರ್ಡ್ ಇದೆಯಾ" ಅಂತ ಕೇಳಿದೆ, ಆ ಹುಡುಗ ಬಗ್ಗಿ ಟೇಬಲ್ ಕೆಳಗಿಂದ ಒಂದು ಟಬ್ ಎಳೆದ, ಪ್ಲಾಸ್ಟಿಕ್ ಬಕೆಟ್ ಟಬ್ಬು, ಅದರ ತುಂಬ ಕಾರ್ಡು. ಅಲ್ಲಿ ಇದಕ್ಕೆ ರೈಡ್ ಕಾರ್ಡ್ ಅಂತಲೇ ಹೆಸರು.

ರೈಡ್ ಕಾರ್ಡಿಗೂ ಎಚ್‌ಬಿಎಗೂ ಏನ್ ವ್ಯತ್ಯಾಸ ಅಂದ್ರೆ, ರೈಡ್ ಕಾರ್ಡು ಡಿಸ್ಕುಗಳನ್ನ ತಾನೇ ಇಟ್ಕೊಂಡು ಓಎಸ್‌ಗೆ ಒಂದು ದೊಡ್ಡ ಡಿಸ್ಕು ಅಂತ ತೋರಿಸುತ್ತೆ, ಡಿಸ್ಕಿನ ಸ್ಮಾರ್ಟ್ ರಿಪೋರ್ಟ್ (ಅದರ ಆರೋಗ್ಯದ ವರದಿ) ನೋಡೋಕೆ ಅಡ್ಡ ಬರುತ್ತೆ, ಕಾರ್ಡ್ ಸತ್ರೆ ಅದೇ ಜಾತಿ ಕಾರ್ಡ್ ಹುಡ್ಕ್ಬೇಕು. ಜೆಡ್‌ಎಫ್‌ಎಸ್‌ಗೆ ಇದು ಆಗಿಬರಲ್ಲ, ಅದಕ್ಕೆ ಪ್ರತಿ ಡಿಸ್ಕೂ ನೇರವಾಗಿ ಕಾಣ್ಬೇಕು. ಎಚ್‌ಬಿಎ ಅಂದ್ರೆ ಬರೀ ಕೊಂಡಿ, ಮಧ್ಯೆ ಬುದ್ಧಿ ಉಪಯೋಗಿಸಲ್ಲ. ಮಜಾ ಏನಂದ್ರೆ ಎಸ್‌ಎಎಸ್2008ರಲ್ಲಿ ಕಾರ್ಡು ಎರಡಕ್ಕೂ ಒಂದೇ, ಒಳಗಿನ ಫರ್ಮ್‌ವೇರ್, ಅಂದ್ರೆ ಕಾರ್ಡನ್ನ ನಡೆಸೋ ಸಾಫ್ಟ್‌ವೇರು, ಬದಲಾಯಿಸಿದ್ರೆ ರೈಡ್ ಕಾರ್ಡೇ ಎಚ್‌ಬಿಎ ಆಗುತ್ತೆ. ಅದಕ್ಕೆ ಐಟಿ ಮೋಡ್ ಅಂತಾರೆ. ಐಟಿ ಅಂದ್ರೆ ಇನ್ಫರ್ಮೇಶನ್ ಟೆಕ್ನಾಲಜಿ ಅಲ್ಲ, ಇನಿಶಿಯೇಟರ್ ಟಾರ್ಗೆಟ್. ನಾನೂ ಒಂದು ವಾರ ಹಂಗೇ ಅಂದ್ಕೊಂಡಿದ್ದೆ.

ಟಬ್ಬಲ್ಲಿ ಕೈ ಹಾಕಿ ಹುಡುಕಿ ಒಂದು ಸರ್ವರ್ ಕಂಪನಿ ಸ್ಟಿಕ್ಕರ್ ಇರೋ ಕಾರ್ಡ್ ತೆಗೆದೆ. ಅದರ ಮಾಡೆಲ್ ಹೆಸರು ಏನು ಹೇಳಿ, ಎಚ್310. ಬೋರ್ಡಿನ ಚಿಪ್‌ಸೆಟ್ಟೂ ಎಚ್310, ಕಾರ್ಡೂ ಎಚ್310. ಇದರಿಂದ ಮುಂದೆ ಗೂಗಲ್ ಮಾಡ್ವಾಗ ಏನ್ ಪಾಡು ಪಟ್ಟೆ ಅಂದ್ರೆ, "ಎಚ್310 ಬೂಟ್ ಆಗ್ತಿಲ್ಲ" ಅಂತ ಹುಡುಕಿದ್ರೆ ಗೇಮಿಂಗ್ ಹುಡುಗ್ರ ಗೋಳೆಲ್ಲ ಬರೋದು. ಅಲ್ಲೇ ಅಂಗಡಿ ಹುಡುಗನ ಹತ್ರ ಎರಡು ಕೇಬಲ್ಲೂ ತಗೊಂಡೆ. ಈ ಕಾರ್ಡಲ್ಲಿ ಎಂಟು ಸಾಟಾ ಬಾಯಿ ಇರಲ್ಲ, ಎರಡು ಅಗಲದ ಬಾಯಿ ಇರುತ್ತೆ, ಎಸ್‌ಎಫ್‌ಎಫ್-8087 ಅಂತಾರೆ, ಒಂದೊಂದಕ್ಕೂ ಒಂದು ಕೇಬಲ್ ಹಾಕಿದ್ರೆ ಆ ಕಡೆ ನಾಲ್ಕು ನಾಲ್ಕು ಸಾಟಾ ತುದಿ ಆಗಿ ಒಡೆಯುತ್ತೆ. ಕಾರ್ಡು ಮೂರೂವರೆ ಸಾವಿರ, ಕೇಬಲ್ ಒಂದಕ್ಕೆ ಎಂಟ್ನೂರು.

"ಇದು ಕರೆಕ್ಟ್ ಕೇಬಲ್ಲಾ ಗುರು?"

"ಕೇಬಲ್ ಕೇಬಲ್ಲೇ ಸರ್, ಅದ್ರಲ್ಲೇನಿದೆ."

ಈ ಮಾತು ನೆನಪಿಟ್ಕೊಳಿ.

ಮನೆಗೆ ಬಂದು ಕಾರ್ಡ್ ಹಾಕಿ ಆನ್ ಮಾಡಿದ್ರೆ ಫ್ಯಾನ್ ತಿರುಗ್ತಿದೆ, ಸ್ಕ್ರೀನ್ ಕಪ್ಪು. ಕಾರ್ಡ್ ತೆಗೆದ್ರೆ ಬೂಟ್ ಆಗುತ್ತೆ, ಹಾಕಿದ್ರೆ ಇಲ್ಲ. ಹೋಯ್ತು ಮೂರೂವರೆ ಸಾವಿರ ಅಂತ ಕೂತೆ. ಆಮೇಲೆ ಓದಿ ಓದಿ ಗೊತ್ತಾಗಿದ್ದೇನಂದ್ರೆ, ಸರ್ವರಿಗೆ ಅಂತ ಮಾಡಿರೋ ಇಂಥ ಕಾರ್ಡುಗಳು ಎಸ್‌ಎಂಬಸ್ ಅನ್ನೋ ಸಣ್ಣ ಗೆರೆ ಮೇಲೆ ಬೋರ್ಡಿನ ಜೊತೆ ಮಾತಾಡೋಕೆ ಹೋಗ್ತವೆ, ಅದು ಕೆಲವು ಮಾಮೂಲಿ ಡೆಸ್ಕ್‌ಟಾಪ್ ಬೋರ್ಡಿಗೆ ಸರಿಹೋಗಲ್ಲ, ರ‍್ಯಾಮ್ ಗುರುತು ಹಿಡಿಯೋ ಮಾತುಕತೆನೂ ಅದೇ ಗೆರೆ ಮೇಲೆ ನಡೆಯೋದ್ರಿಂದ ಬೋರ್ಡು ಅಲ್ಲೇ ನಿಂತ್ಬಿಡುತ್ತೆ. ಪರಿಹಾರ ಏನು ಗೊತ್ತಾ, ಟೇಪು. ಕಾರ್ಡಿನ ಚಿನ್ನದ ಹಲ್ಲುಗಳಿವೆಯಲ್ಲ, ಚಿಪ್ಪಿರೋ ಬದಿ, ಬ್ರಾಕೆಟ್ ಕಡೆಯಿಂದ ಎಣಿಸಿದ್ರೆ ಐದನೇದು ಆರನೇದು, ಬಿ5 ಬಿ6. ಅವೆರಡನ್ನ ಮಾತ್ರ ಮುಚ್ಚಬೇಕು. ಒಂದೊಂದು ಹಲ್ಲು ಒಂದು ಮಿಲಿಮೀಟರೂ ಅಗಲ ಇಲ್ಲ. ಮೊಬೈಲ್ ರಿಪೇರಿ ಅಂಗಡಿಲಿ ಕ್ಯಾಪ್ಟನ್ ಟೇಪ್ ಅಂತ ಕೇಳಿದೆ, ಹಳದಿ ಬಣ್ಣದ್ದು, ಬಿಸಿ ತಡೆಯೋದು, ನಿಜವಾದ ಹೆಸರು ಕ್ಯಾಪ್ಟನ್ ಅಲ್ಲ ಕ್ಯಾಪ್ಟಾನ್, ಅವ್ನಿಗೂ ಅರ್ಥ ಆಯ್ತು ನಂಗೂ ಅರ್ಥ ಆಯ್ತು. ಅಮ್ಮನ ಹೊಲಿಗೆ ಡಬ್ಬದ ಕತ್ರಿ, ಅಮ್ಮನ ಓದೋ ಕನ್ನಡಕ ಎರಡೂ ತಗೊಂಡು, ಉಸಿರು ಬಿಡದೆ, ಮೂರನೇ ಸಲಕ್ಕೆ ಸರಿಯಾಗಿ ಕೂತ್ಕೊಂತು. ಆನ್ ಮಾಡಿದೆ, ಬೂಟ್ ಆಯ್ತು. ಆಫೀಸಲ್ಲಿ ಇನ್‌ಕ್ರಿಮೆಂಟ್ ಬಂದಾಗ್ಲೂ ಅಷ್ಟು ಖುಷಿ ಆಗಿರಲಿಲ್ಲ.

ಇನ್ನು ಫ್ಲಾಶ್ ಮಾಡೋದು, ಅಂದ್ರೆ ಆ ಹೊಸ ಫರ್ಮ್‌ವೇರ್ ಬರೆಯೋದು. ಇದನ್ನ ಪೂರ್ತಿ ಹೇಳೋಕೆ ಹೋಗಲ್ಲ, ಆದ್ರೆ ಮೂರು ವಿಷಯ ಯಾರೂ ಸರಿಯಾಗಿ ಹೇಳಿರಲ್ಲ. ಒಂದು, ಅಳಿಸೋಕೆ ಮುಂಚೆ ಕಾರ್ಡಿನ ಹಿಂದ್ಗಡೆ ಸ್ಟಿಕ್ಕರಲ್ಲಿ ಇರೋ ಸಾಸ್ ಅಡ್ರೆಸ್ಸನ್ನ ಫೋಟೋ ತೆಗೆದಿಟ್ಕೊಳಿ, ಹದಿನಾರು ಅಕ್ಷರದ ನಂಬರು, ಕೊನೇಲಿ ವಾಪಸ್ ಬರೀಬೇಕಾಗುತ್ತೆ. ಎರಡು, ಹಳೇ ಡಾಸ್ ಪೆನ್‌ಡ್ರೈವಲ್ಲಿ ಫ್ಲಾಶ್ ಮಾಡೋಕೆ ಹೋದ್ರೆ ಈಗಿನ ಬೋರ್ಡಲ್ಲಿ "ಫೇಲ್ಡ್ ಟು ಇನಿಶಿಯಲೈಜ್ ಪಾಲ್" ಅಂತ ಬೈದು ನಿಲ್ಲುತ್ತೆ, ಕಾರ್ಡ್ ಕೆಟ್ಟಿಲ್ಲ, ಅದೇ ಟೂಲಿನ ಯುಇಎಫ್‌ಐ (ಈಗಿನ ಬೋರ್ಡುಗಳನ್ನ ಎಬ್ಬಿಸೋ ಸಾಫ್ಟ್‌ವೇರು) ಆವೃತ್ತಿ ಇದೆ, ಅದನ್ನ ಯುಇಎಫ್‌ಐ ಶೆಲ್ಲಲ್ಲಿ ಓಡಿಸ್ಬೇಕು. ಮೂರು, ಫರ್ಮ್‌ವೇರ್ ಪಿ20 ಅಂತ ಇದ್ರೆ ಸಾಲದು, 20.00.07.00 ಇರ್ಬೇಕು, ಪಿ20ರ ಮೊದಮೊದಲ ಆವೃತ್ತಿಗಳ ಬಗ್ಗೆ ಜನ ಸುಮಾರು ಅತ್ತಿದಾರೆ. ಆ ಫೈಲ್ ಹುಡುಕೋದೂ ಒಂದು ವಂಶವೃಕ್ಷ ಬಿಡಿಸಿದ ಹಂಗೆ, ಕಾರ್ಡ್ ಮೇಲೆ ಎಲ್‌ಎಸ್‌ಐ ಅಂತಿರುತ್ತೆ, ಎಲ್‌ಎಸ್‌ಐನ 2014ರಲ್ಲಿ ಅವಾಗೋ ಕೊಂಡ್ಕೊಂತು, ಅವಾಗೋ 2016ರಲ್ಲಿ ಬ್ರಾಡ್‌ಕಾಮ್ ಹೆಸರು ಇಟ್ಕೊಂತು, ಫೈಲು ಈಗ ಅಲ್ಲಿದೆ. ಬೂಟ್ ರಾಮ್ ಮಾತ್ರ ನಾನು ಹಾಕ್ಲಿಲ್ಲ, ಈ ಡಿಸ್ಕಿಂದ ಬೂಟ್ ಮಾಡೋದಿಲ್ವಲ್ಲ, ಅದಿಲ್ದಿದ್ರೆ ಆನ್ ಆಗೋದೂ ಬೇಗ.

ಫ್ಲಾಶ್ ಮಾಡ್ವಾಗ ಕರೆಂಟ್ ಹೋದ್ರೆ ಗತಿ ಏನು ಅಂತ ತಮ್ಮನ ಸ್ಟುಡಿಯೋ ಯುಪಿಎಸ್ ಹೊತ್ಕೊಂಡು ಬಂದಿದ್ದೆ. ಕರೆಂಟ್ ಹೋಗ್ಲಿಲ್ಲ. ಮಾರನೇ ದಿನ ಯುಪಿಎಸ್ ವಾಪಸ್ ಕೊಟ್ಟ ಅರ್ಧ ಗಂಟೆಗೆ ಹೋಯ್ತು.

ಕಾರ್ಡ್ ರೆಡಿ. ಕೇಬಲ್ ಹಾಕಿ, ಮೊದಲು ಟೆಸ್ಟಿಗೆ ಅಂತ ಎರಡು ಹಳೇ ಡಿಸ್ಕ್ ಸಿಕ್ಕಿಸಿ ಆನ್ ಮಾಡಿದೆ. ಕಾರ್ಡ್ ಕಾಣಿಸ್ತಿದೆ, ಫರ್ಮ್‌ವೇರ್ ಸರಿಯಿದೆ, ಎಂಟು ಲೇನು ಸಿಕ್ಕಿದೆ, ಡಿಸ್ಕು ಮಾತ್ರ ಒಂದೂ ಇಲ್ಲ. ಡಿಸ್ಕ್ ತಿರುಗ್ತಿದೆ, ಕೈ ಇಟ್ರೆ ಗೊತ್ತಾಗುತ್ತೆ. ಮತ್ತೆ ಫ್ಲಾಶ್ ಮಾಡಿದೆ. ಟೇಪ್ ಕಿತ್ತು ಮತ್ತೆ ಅಂಟಿಸಿದೆ. ಓಎಸ್ ಬದಲಾಯಿಸಿದೆ. ಎರಡು ಸಂಜೆ ಹಾಳು. ಮೂರನೇ ಸಂಜೆ ಕೇಬಲ್ ಕೈಲಿ ಹಿಡ್ಕೊಂಡು ಸುಮ್ನೆ ನೋಡ್ತಾ ಕೂತಾಗ ಅದರ ಕುತ್ತಿಗೆ ಹತ್ರ ಒಂದು ಸಣ್ಣ ಅಚ್ಚು ಕಾಣಿಸ್ತು, ಇಂಗ್ಲಿಷಲ್ಲಿ "ರಿವರ್ಸ್" ಅಂತ.

ಈ ಕೇಬಲ್ಲಲ್ಲಿ ಎರಡು ಜಾತಿ. ಕಾರ್ಡಿನ ಅಗಲದ ಬಾಯಿಂದ ನಾಲ್ಕು ಡಿಸ್ಕಿಗೆ ಹೋಗೋದು ಫಾರ್ವರ್ಡ್ ಬ್ರೇಕೌಟ್. ಬೋರ್ಡಿನ ನಾಲ್ಕು ಸಾಟಾ ಪೋರ್ಟಿಂದ ಸರ್ವರ್ ಕ್ಯಾಬಿನೆಟ್ಟಿನ ಬ್ಯಾಕ್‌ಪ್ಲೇನಿಗೆ (ಡಿಸ್ಕುಗಳು ಬಂದು ಕೂರೋ ಬೋರ್ಡು) ಹೋಗೋದು ರಿವರ್ಸ್ ಬ್ರೇಕೌಟ್. ಎರಡರ ತುದಿಗಳೂ ಅಷ್ಟೇ, ಬಣ್ಣಾನೂ ಅಷ್ಟೇ, ಅವಳಿ ಜವಳಿ ಥರ, ಒಳಗೆ ತಂತಿ ಅದಲು ಬದಲು. ಉಲ್ಟಾದು ಹಾಕಿದ್ರೆ ಏನೂ ಸುಡಲ್ಲ, ಎರರ್ ಬರಲ್ಲ, ಏನೂ ಆಗಲ್ಲ, ಅದೇ ಸಮಸ್ಯೆ. ಹುಡುಗನಿಗೆ ಫೋನ್ ಮಾಡಿದೆ, "ಸರ್ ಕಟ್ ಮಾಡಿರೋ ಪ್ಯಾಕೆಟ್ ವಾಪಸ್ ತಗೊಳಲ್ಲ" ಅಂದ. ಅವನದ್ದೇನು ತಪ್ಪು, ಅವನಿಗೆ ಅದು ಕೇಬಲ್ಲೇ. ಫಾರ್ವರ್ಡ್ ಅಂತ ಸ್ಪಷ್ಟವಾಗಿ ಬರ್ದಿರೋದನ್ನ ಆನ್‌ಲೈನಲ್ಲಿ ತರಿಸಿದೆ, ಸಿಕ್ಕಿಸಿದ ಕ್ಷಣಕ್ಕೆ ಎರಡೂ ಡಿಸ್ಕು ಬಂದ್ವು.

ಪೂಲಿನ ಎಂಟು ಡಿಸ್ಕನ್ನ ಹೊಸ ಕಾರ್ಡಿಗೆ ಸಾಗಿಸ್ವಾಗ ಇನ್ನೊಂದು ಭಯ ಇತ್ತು, ಡಿಸ್ಕಿನ ಕ್ರಮ ತಪ್ಪಿದ್ರೆ ಏನಾಗುತ್ತೋ ಅಂತ. ಏನೂ ಆಗಲ್ಲ, ಜೆಡ್‌ಎಫ್‌ಎಸ್ ತನ್ನ ಗುರುತನ್ನ ಡಿಸ್ಕಿನ ಮೇಲೇ ಬರ್ದಿರುತ್ತೆ, ಯಾವ ಪೋರ್ಟಿಗೆ ಹಾಕಿದ್ರೂ ಇಂಪೋರ್ಟ್ ಕೊಟ್ರೆ ಎದ್ದು ಬರುತ್ತೆ. ಒಂದು ಕೆಲಸ ಮಾತ್ರ ಮಾಡಿದೆ, ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೇ ನಾಲ್ಕು ಅಕ್ಷರ ದೊಡ್ಡದಾಗಿ ಬರೆದು ಎದುರಿಗೆ ಕಾಣೋ ಹಂಗೆ ಅಂಟಿಸಿದೆ. ನಾಳೆ ಒಂದು ಕೆಟ್ರೆ ಯಾವ್ದು ಎಳೀಬೇಕು ಅಂತ ಗೊತ್ತಾಗ್ಬೇಕಲ್ಲ, ಒಳ್ಳೇದನ್ನ ಎಳೆದು ಕೂತ್ರೆ ಕಥೆ ಮುಗೀತು.

ಎಂಟರಲ್ಲಿ ಮೂರು ಡಿಸ್ಕು ತಮ್ಮ ಹಿಂದೆ ತಂದಿದ್ದ ದೊಡ್ಡ ಎಕ್ಸ್‌ಟರ್ನಲ್ ಡಬ್ಬಿ ಒಡೆದು ತೆಗೆದವು. ಅವುಗಳದ್ದೊಂದು ಚಾಳಿ ಇದೆ, ಕೆಲವು ಪವರ್ ಸಪ್ಲೈ ಕೇಬಲ್ಲಿಗೆ ಹಾಕಿದ್ರೆ ತಿರುಗೋದೇ ಇಲ್ಲ. ಸಾಟಾ ಪವರ್ ಕನೆಕ್ಟರಿನ ಮೂರನೇ ಪಿನ್ನಲ್ಲಿ 3.3 ವೋಲ್ಟ್ ಬಂದ್ರೆ "ಆಫ್ ಆಗು" ಅಂತ ಅರ್ಥ ಅವಕ್ಕೆ. ಆ ಪಿನ್ನಿಗೂ ಅದೇ ಹಳದಿ ಟೇಪು. ಹತ್ತು ರೂಪಾಯಿ ಟೇಪು ಇಡೀ ಪ್ರಾಜೆಕ್ಟನ್ನ ಎರಡು ಸಲ ಉಳಿಸ್ತು.

ಪವರ್ ಬಗ್ಗೆ ಒಂದ್ಮಾತು. ಡಿಸ್ಕು ತಿರುಗ್ತಿರುವಾಗ ಐದಾರು ವಾಟ್ ತಿನ್ನುತ್ತೆ ಅಂತ ನೋಡಿ ಮೋಸಹೋಗ್ಬೇಡಿ, ನಿಂತಿದ್ದು ತಿರುಗೋಕೆ ಶುರು ಮಾಡೋ ಆ ಕೆಲವು ಸೆಕೆಂಡು 12 ವೋಲ್ಟಲ್ಲಿ ಎರಡು ಆಂಪಿಯರ್ ಹತ್ರ ಎಳೆಯುತ್ತೆ. ಎಂಟಕ್ಕೆ ಲೆಕ್ಕ ಹಾಕಿ, 190 ವಾಟ್ ಚಿಲ್ರೆ, ಒಟ್ಟಿಗೆ. ಅದನ್ನ ಒಂದೇ ಸಾಟಾ ಕನೆಕ್ಟರಿಗೆ ನಾಲ್ಕು ಬಾಯಿ ಸ್ಪ್ಲಿಟ್ಟರ್ ಹಾಕಿ ಎಳೆದ್ರೆ, ಆ ಕನೆಕ್ಟರಿನ 12 ವೋಲ್ಟ್ ಪಿನ್ನುಗಳು ಮೂರೂ ಸೇರಿ ತಡೆಯೋದೇ ನಾಲ್ಕೂವರೆ ಆಂಪಿಯರ್. ಅಚ್ಚು ಹಾಕಿದ ಪ್ಲಾಸ್ಟಿಕ್ ತಲೆಯ ಅಗ್ಗದ ಅಡಾಪ್ಟರುಗಳು ಒಳಗೇ ಶಾರ್ಟ್ ಆಗಿ ಹೊತ್ಕೊಂಡಿರೋ ಫೋಟೋಗಳನ್ನ ನೋಡಿ ನಂಗೆ ನಿದ್ದೆ ಬಂದಿರಲಿಲ್ಲ, ಅದಕ್ಕೇ ಪವರ್ ಸಪ್ಲೈನೇ ಬದಲಾಯಿಸಿ ಜಾಸ್ತಿ ಸಾಟಾ ತಲೆ ಇರೋದನ್ನ ತಗೊಂಡೆ, ಒಂಬತ್ತು ಡಿಸ್ಕಿಗೆ ಆಗೋದು, ಎಸ್‌ಎಸ್‌ಡಿ ಸೇರಿ ಎಲ್ಲಾ ಭರ್ತಿ, ಜೊತೆಗೊಂದು ಹಳೇ ಥರದ ನಾಲ್ಕು ಪಿನ್ನಿನ ಮೋಲೆಕ್ಸ್ ಪವರ್ ತಲೆ ಉಳೀತು.

ಮೊದಲ ಸ್ಕ್ರಬ್ಬು, ಡಿಸ್ಕಿಗೆ ತಲಾ ನೂರೈವತ್ತರ ಹತ್ರ ಓಡ್ತು, ಒಂಬತ್ತು ಗಂಟೆಗೆ ಮುಗೀತು. ಮುಂಚೆ ಇಡೀ ದಿನ ಅಂತ ತೋರಿಸಿ ಅದನ್ನೂ ಮುಗಿಸದೆ ಬಿದ್ದಿತ್ತಲ್ಲ, ಅದು. ರಾತ್ರಿ ಹತ್ತಕ್ಕೆ ಹಾಕಿ ಬೆಳಗ್ಗೆ ಹಾಲು ತರೋಕೆ ಎದ್ದಾಗ ನೋಡಿದ್ರೆ ಎರರ್ ಸೊನ್ನೆ.

ಮುಗೀತು ಅಂದ್ಕೊಂಡೆ. ಏಪ್ರಿಲ್ ಬಂತು. ಒಂದು ಮಧ್ಯಾಹ್ನ ಎರಡು ಡಿಸ್ಕಿನ ಮೇಲೆ ಚೆಕ್‌ಸಮ್ ಎರರ್, ಅರ್ಧ ಗಂಟೆ ಬಿಟ್ಟು ಮೂರನೇದರ ಮೇಲೂ. ಒಟ್ಟಿಗೆ ಮೂರು ಡಿಸ್ಕಿಗೆ ಕಾಯಿಲೆ ಬರಲ್ಲ, ಮೂರಕ್ಕೂ ಮೇಲಿರೋ ಯಾವನೋ ಒಬ್ಬನಿಗೆ ಬಂದಿದೆ ಅನ್ನೋ ಪಾಠ ಆಗ್ಲೇ ಕಲ್ತಿದ್ನಲ್ಲ, ಸೀದಾ ಕ್ಯಾಬಿನೆಟ್ ತೆಗೆದು ಕಾರ್ಡಿನ ಹೀಟ್‌ಸಿಂಕ್ ಮೇಲೆ ಬೆರಳು ಇಟ್ಟೆ, ಕಾದ ದೋಸೆ ಹೆಂಚು. ಈ ಕಾರ್ಡುಗಳನ್ನ ಮಾಡಿರೋದು ಸರ್ವರಿಗೆ, ಅಲ್ಲಿ ಮುಂದ್ಗಡೆಯಿಂದ ಫ್ಯಾನುಗಳ ಸಾಲು ಬಿರುಗಾಳಿ ಥರ ಗಾಳಿ ನುಗ್ಸುತ್ತೆ, ಅದನ್ನ ನಂಬಿ ಇದಕ್ಕೆ ಫ್ಯಾನೇ ಕೊಟ್ಟಿಲ್ಲ. ಮನೆ ಕ್ಯಾಬಿನೆಟ್ಟಲ್ಲಿ ಆ ಮೂಲೇಲಿ ಗಾಳಿನೇ ಆಡಲ್ಲ. ಟೆಂಪರೇಚರ್ ಸಾಫ್ಟ್‌ವೇರಲ್ಲಿ ನೋಡೋಣ ಅಂದ್ರೆ ಎಸ್‌ಎಎಸ್2008 ಚಿಪ್ಪಲ್ಲಿ ಆ ಸೌಕರ್ಯನೂ ಇಲ್ಲ, ಬೆರಳೇ ಥರ್ಮಾಮೀಟರು.

ಹೀಟ್‌ಸಿಂಕ್ ಬಿಚ್ಚಿದ್ರೆ ಒಳಗಿನ ಪೇಸ್ಟು ಹಳೇ ವಿಭೂತಿ ಥರ ಪುಡಿಪುಡಿ. ಒರೆಸಿ, ಹೊಸ ಪೇಸ್ಟ್ ಹಚ್ಚಿ, ನಾಲ್ಕು ಸೆಂಟಿಮೀಟರಿನ ಒಂದು ಫ್ಯಾನನ್ನ ಕೇಬಲ್ ಟೈ ಹಾಕಿ ಹೀಟ್‌ಸಿಂಕಿನ ಮೇಲೇ ಕಟ್ಟಿದೆ. ನೋಡೋಕೆ ಗಾರೆ ಕೆಲಸದ ಥರ ಇದೆ. ಆದ್ರೆ ಈಗ ಬೆರಳು ಎಷ್ಟೊತ್ತು ಬೇಕಾದ್ರೂ ಇಡಬಹುದು. ಎರರ್ ಮತ್ತೆ ಬಂದಿಲ್ಲ. ಸದ್ದು ಮಾತ್ರ ಇದೆ, ಸೊಳ್ಳೆ ಗುಂಯ್ಗುಟ್ಟಿದ ಹಂಗೆ, ಅದಕ್ಕೆ ಮಶೀನನ್ನ ಹಾಲಿಂದ ಅಟ್ಟದ ಕೆಳಗಿನ ಸ್ಟೋರ್ ರೂಮಿಗೆ ಸಾಗಿಸಿದೆ, ಅಕ್ಕಿ ಡ್ರಮ್ಮಿನ ಪಕ್ಕ.

ಕಾರ್ಡು ಒಂದೇ ಎಂಟು ವಾಟ್ ತಿನ್ನುತ್ತೆ ಅಂತ ಹಿಡಿದ್ರೆ ವರ್ಷಕ್ಕೆ ಎಪ್ಪತ್ತು ಯೂನಿಟ್ಟು, ಯೂನಿಟ್ಟಿಗೆ ಏಳು ರೂಪಾಯಿ ಅಂದ್ರೂ ಐನೂರು ರೂಪಾಯಿ ಒಳಗೆ. ಅದರ ಜೊತೆ ಪ್ರೊಸೆಸರನ್ನೂ ಆಳವಾಗಿ ನಿದ್ದೆ ಮಾಡೋಕೆ ಬಿಡಲ್ಲ ಈ ಹಳೇ ಕಾರ್ಡು, ಅದೊಂದು ಬೇಜಾರು. ಎಲ್ಲಾ ಕೂಡಿಸಿ ನೋಡಿದ್ರೆ, ವೇಸ್ಟ್ ಆದ ಮೊದಲ ಕಾರ್ಡು, ಉಲ್ಟಾ ಕೇಬಲ್ ಎರಡು, ಬೆಂಗ್ಳೂರ್ ಓಡಾಟ, ಮಸಾಲೆ ದೋಸೆ ಸೇರಿ ನಂಗೆ ಎಂಟು ಪೋರ್ಟು ಬಿದ್ದಿದ್ದು ಹತ್ತತ್ರ ಹನ್ನೊಂದು ಸಾವಿರಕ್ಕೆ. ತಮ್ಮನ ಹತ್ರ ಏಳು ಅಂತ ಹೇಳಿದೀನಿ.

ಅವನು ಹೋದ ವಾರ ಬಂದಿದ್ದ, ಕೈಲಿ ಅದೇ ಮೈಸೂರ್ ಪಾಕ್ ಡಬ್ಬ. ಪರವಾಗಿಲ್ಲ, ಕೃತಜ್ಞತೆ ಇದೆ ಅಂತ ತೆಗೆದು ನೋಡಿದ್ರೆ ಒಳಗೆ ಎರಡು ಹೊಸ ಎಂಟು ಟಿಬಿ ಡಿಸ್ಕು.

"ಅಣ್ಣ, ಇದನ್ನೂ ಸೇರ್ಸಿಬಿಡು, ಆಷಾಢ ಮುಗಿದ್ರೆ ಮುಹೂರ್ತ ಶುರು."

ಬೋರ್ಡಲ್ಲಿ ಮೂರು ಪೋರ್ಟ್ ಖಾಲಿ ಇದೆ, ಓಪನ್‌ಜೆಡ್‌ಎಫ್‌ಎಸ್ 2.3ರಿಂದ ಇರೋ ರೈಡ್-ಜೆಡ್‌ಗೇ ಒಂದೊಂದು ಡಿಸ್ಕ್ ಸೇರಿಸೋ ಸೌಕರ್ಯನೂ ಬಂದಿದೆ, ಪೋರ್ಟಿಗೆ ತೊಂದ್ರೆ ಇಲ್ಲ. ಪವರ್ ತಲೆ ಮಾತ್ರ ಇರೋದು ಒಂದು, ಆ ಮೋಲೆಕ್ಸ್‌ದು. ಕ್ಯಾಬಿನೆಟ್ಟಲ್ಲಿ ಡಿಸ್ಕ್ ಕೂರಿಸೋ ಜಾಗ ಅದೂ ಇಲ್ಲ. ಡಬ್ಬ ಸದ್ಯಕ್ಕೆ ಅಕ್ಕಿ ಡ್ರಮ್ಮಿನ ಮೇಲಿದೆ, ಅಮ್ಮ ಎರಡು ಸಲ ತೆಗೆದು ನೋಡಿ ಮುಚ್ಚಿಟ್ಟಿದಾರೆ.